ನಾಯಿಯ ಕಣ್ಣಿನ ಗಂಟು: ಪರೀಕ್ಷೆ ಜಿಲ್ಲೆಯಲ್ಲೇ ಆಗಲಿ

ಮಾನ್ಯರೇ,

ನಾಯಿಗಳ ಕುರಿತು ಪತ್ರಿಕೆಗಳಲ್ಲಿ ಈಚೆಗೆ ಪ್ರಕಟವಾಗುತ್ತಿರುವ ಬರಹಗಳಲ್ಲಿ ಹೆಚ್ಚಿನವು ಕಡಿತ, ರೇಬೀಸ್ ಮತ್ತು ಬೀದಿನಾಯಿಗಳ ಹಾವಳಿಗೆ ಸಂಬಂಧಿಸಿದವು. ಮನುಷ್ಯರ ಜೀವದ ಪ್ರಶ್ನೆಯಾದ್ದರಿಂದ ಆ ಆದ್ಯತೆ ಸರಿಯಾದದ್ದೇ. ಅದರ ನಡುವೆ ನಾಯಿಗಳ ಕಾಯಿಲೆಯೊಂದರ ಬಗ್ಗೆ, ಅದರಲ್ಲೂ ಕಣ್ಣಿನ ಹೊರಮೈಯಲ್ಲಿ ಬೆಳೆಯುವ ಗಂಟುಗಳ ಬಗ್ಗೆ, ಇಷ್ಟುದ್ದದ ಪತ್ರ ಬರೆಯುವುದಕ್ಕೆ ಕಾರಣವಿದೆ. ತುಮಕೂರು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾಗಿರುವ ನಾನು, ಸುತ್ತಮುತ್ತಲಿನವರು ಕರೆತರುವ ನಾಯಿಗಳನ್ನು ಈಗಲೂ ನೋಡುತ್ತಿರುತ್ತೇನೆ. ಕಣ್ಣಿನಲ್ಲಿ ಗಂಟು ಕಾಣಿಸಿಕೊಂಡ ನಾಯಿಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗಿರುತ್ತದೆ: ಮೆಡಿಕಲ್ ಸ್ಟೋರಿನಿಂದ ತಂದ ಹನಿಯನ್ನು ತಿಂಗಳುಗಟ್ಟಲೆ ಹಾಕುತ್ತಾ ಕಾದಿರುತ್ತಾರೆ, ಇಲ್ಲವೇ ‘ಕ್ಯಾನ್ಸರ್ ಅಂತೆ, ಇನ್ನೇನೂ ಮಾಡೋಕಾಗಲ್ಲವಂತೆ’ ಎಂದು ಯಾರೋ ಹೇಳಿದ ಮಾತು ನಂಬಿ ಕೈಚೆಲ್ಲಿರುತ್ತಾರೆ. ಈ ಎರಡರ ನಡುವೆ ಆಗಬೇಕಾಗಿದ್ದ ಕೆಲಸ, ಅಂದರೆ ಆ ಗಂಟು ಯಾವುದು ಎಂದು ಪರೀಕ್ಷಿಸಿ ತಿಳಿಯುವ ಕೆಲಸ, ಆಗಿಯೇ ಇರುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ನಮ್ಮ ಜಿಲ್ಲೆಯಲ್ಲೇ ಇದೆ ಎಂಬುದನ್ನು ಸಾರ್ವಜನಿಕರ ಮತ್ತು ಪಶುಪಾಲನಾ ಇಲಾಖೆಯ ಗಮನಕ್ಕೆ ತರುವುದು ನನ್ನ ಉದ್ದೇಶ.

ಮೊದಲಿಗೆ ಭಯ ಕಡಿಮೆ ಮಾಡುವ ಸಂಗತಿಯನ್ನೇ ಹೇಳುತ್ತೇನೆ. ನಾಯಿಯ ಕಣ್ಣುರೆಪ್ಪೆಯ ಮೇಲೆ ಬರುವ ಗಡ್ಡೆಗಳಲ್ಲಿ ಬಹುಪಾಲು ಅಪಾಯಕಾರಿಯಲ್ಲದವು. ದೇಹದ ಬೇರೆ ಭಾಗಕ್ಕೆ ಹರಡುವ ಸ್ವಭಾವ ಅವಕ್ಕಿಲ್ಲ. ರೆಪ್ಪೆಯ ಅಂಚಿನುದ್ದಕ್ಕೂ ಸಾಲಾಗಿ ಕುಳಿತಿರುವ ಸಣ್ಣ ಎಣ್ಣೆಗ್ರಂಥಿಗಳಿಂದ ಹುಟ್ಟುವ ಗಂಟು ಇವುಗಳಲ್ಲಿ ಅತಿ ಸಾಮಾನ್ಯವಾದದ್ದು, ಮತ್ತು ಅದು ಹೆಚ್ಚಾಗಿ ವಯಸ್ಸಾದ ನಾಯಿಗಳಲ್ಲಿ ಕಾಣುತ್ತದೆ. ಮೊದಲು ಸಾಸಿವೆಯಷ್ಟಿರುತ್ತದೆ. ನೋಡಿದವರು ಉಣ್ಣೆ ಕಚ್ಚಿಕೊಂಡಿದೆ ಎಂದು ಕೀಳಲು ಹೋಗುವುದೂ ಉಂಟು. ನಿಧಾನವಾಗಿ ಅದು ಹೂಕೋಸಿನ ತುಣುಕಿನಂತೆ ಒರಟಾಗಿ ಹೊರಚಾಚುತ್ತದೆ, ಆಗಾಗ ರಕ್ತ ಒಸರುತ್ತದೆ, ಕಣ್ಣಿನಲ್ಲಿ ಗೀಜು ಕಟ್ಟುತ್ತದೆ. ಅಪಾಯಕಾರಿಯಲ್ಲ ಎಂದ ಮಾತ್ರಕ್ಕೆ ಬಿಟ್ಟುಬಿಡಬಹುದು ಎಂದಲ್ಲ. ನಾಯಿ ಪ್ರತಿ ಬಾರಿ ಕಣ್ಣು ಮಿಟುಕಿಸಿದಾಗಲೂ ಆ ಒರಟು ಗಂಟು ಕಾರ್ನಿಯಾದ ಮೇಲೆ ಉಜ್ಜುತ್ತದೆ. ಕಾರ್ನಿಯಾ ಎಂದರೆ ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪದರ. ಅಲ್ಲಿ ಗಾಯವಾಗಿ, ಬಿಳಿ ಕಲೆ ಬಿದ್ದು, ನಮ್ಮ ಕಡೆ ‘ಕಣ್ಣಲ್ಲಿ ಹೂ ಬಿದ್ದಿದೆ’ ಎನ್ನುವ ಸ್ಥಿತಿ ಬರುತ್ತದೆ. ಗಂಟಿನಿಂದ ಸಾಯದ ನಾಯಿ ಗಂಟಿನ ಉಜ್ಜಾಟದಿಂದ ಕುರುಡಾಗಬಹುದು.

ಇಲ್ಲಿ ಕಾಲದ ಲೆಕ್ಕ ಬಹಳ ಮುಖ್ಯ. ನಾಯಿಯ ರೆಪ್ಪೆಯ ಒಟ್ಟು ಉದ್ದದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕತ್ತರಿಸಿ ತೆಗೆದರೂ ಉಳಿದ ಅಂಚುಗಳನ್ನು ನೇರವಾಗಿ ಕೂಡಿಸಿ ಹೊಲಿಯಬಹುದು, ರೆಪ್ಪೆ ಮೊದಲಿನಂತೆಯೇ ಮುಚ್ಚುತ್ತದೆ. ಗಂಟು ಅದಕ್ಕಿಂತ ದೊಡ್ಡದಾಯಿತೆಂದರೆ ಪಕ್ಕದ ಚರ್ಮವನ್ನು ಸರಿಸಿ ತಂದು ಹೊಸ ರೆಪ್ಪೆ ಕಟ್ಟುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದಕ್ಕೆ ವಿಶೇಷ ಪರಿಣತಿ ಬೇಕು, ಖರ್ಚೂ ಹೆಚ್ಚು, ಹೊಸ ಚರ್ಮದ ಕೂದಲು ಕಣ್ಣಿಗೆ ಚುಚ್ಚುವ ತೊಂದರೆಯೂ ಇರುತ್ತದೆ. ಅಂದರೆ ಬಟಾಣಿಯಷ್ಟಿದ್ದಾಗ ತಾಲ್ಲೂಕಿನ ವೈದ್ಯರೇ ಮಾಡಿ ಮುಗಿಸಬಹುದಾಗಿದ್ದ ಕೆಲಸ, ಆರೇಳು ತಿಂಗಳು ತಡವಾದರೆ ಬೆಂಗಳೂರಿನ ತಜ್ಞರ ಕೆಲಸವಾಗುತ್ತದೆ. ರೆಪ್ಪೆಯ ಹೊಲಿಗೆಯಲ್ಲಿ ಒಳಪದರ ಬೇರೆ, ಹೊರಚರ್ಮ ಬೇರೆ, ಹೀಗೆ ಎರಡು ಸುತ್ತು ಹಾಕಬೇಕು. ಅಂಚಿಗೆ ಅಂಚು ಕೂದಲೆಳೆಯಷ್ಟೂ ಏರುಪೇರಾಗದಂತೆ ಕೂಡಬೇಕು. ದಾರದ ತುದಿ ಕಾರ್ನಿಯಾವನ್ನು ಮುಟ್ಟಕೂಡದು. ಹಸುವಿನ ಹೊಟ್ಟೆ ಹೊಲಿಯುವ ದಾರದಲ್ಲಿ ಇದು ಆಗುವುದಿಲ್ಲ, ಸಣ್ಣ ಎಳೆಯ ದಾರ ಬೇಕು. ಶಸ್ತ್ರಚಿಕಿತ್ಸೆಯ ನಂತರ ನಾಯಿಯ ಕುತ್ತಿಗೆಗೆ ಆಲಿಕೆಯಾಕಾರದ ಕಾಲರ್ ಹಾಕದಿದ್ದರೆ ಅದು ಒಂದೇ ರಾತ್ರಿಯಲ್ಲಿ ಹೊಲಿಗೆಯನ್ನೆಲ್ಲ ಕಿತ್ತುಕೊಳ್ಳುತ್ತದೆ. ‘ಪಾಪ, ಹಿಂಸೆಯಾಗುತ್ತದೆ’ ಎಂದು ಕಾಲರ್ ಬಿಚ್ಚುವ ಮನೆಯವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಶಿರಾ, ಪಾವಗಡ, ಮಧುಗಿರಿ ಕಡೆಯ ಕುರಿಗಾಹಿಗಳ ನಾಯಿಗಳಲ್ಲಿ ಗಮನಿಸಬೇಕಾದ ಗಂಟು ಬೇರೆಯದು. ನಾಯಿಯ ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಕಡೆಗೆ, ಮೂರನೆಯ ರೆಪ್ಪೆಯೊಂದಿದೆ. ನಾಯಿ ನಿದ್ದೆಗಣ್ಣಿನಲ್ಲಿರುವಾಗ ಅಡ್ಡಲಾಗಿ ಸರಿದು ಬರುವ ತೆಳುಪದರ ಅದೇ. ಅದರ ಅಂಚಿಗೆ ಕಪ್ಪು ಬಣ್ಣವಿಲ್ಲದ ನಾಯಿಗಳಲ್ಲಿ, ದಿನವಿಡೀ ಬಯಲು ಬಿಸಿಲಿನಲ್ಲಿ ಮಂದೆಯ ಜೊತೆ ಇರುವಂಥವುಗಳಲ್ಲಿ, ಆ ಅಂಚಿನ ಮೇಲೋ, ಬಿಳಿಗುಡ್ಡೆಯ ಹೊರಮೂಲೆಯಲ್ಲೋ ರಕ್ತನಾಳಗಳಿಂದ ಹುಟ್ಟುವ ಕೆಂಪು ಗಂಟು ಬರುತ್ತದೆ. ಬಿಸಿಲಿನ ನೇರಳಾತೀತ ಕಿರಣಕ್ಕೂ ಇದಕ್ಕೂ ಸಂಬಂಧವಿದೆ. ಒಮ್ಮೆ ಪಾವಗಡದ ಕಡೆಯ ಕುರಿಗಾಹಿಯೊಬ್ಬರು ಜಾಲಿಮುಳ್ಳು ಚುಚ್ಚಿರಬೇಕೆಂದು ತೋರಿಸಲು ತಂದ ನಾಯಿಯಲ್ಲಿ ಇಂಥದೇ ಗಂಟಿತ್ತು. ಹೆಸರುಕಾಳಿನ ಗಾತ್ರ, ಹಣ್ಣಾದ ಚಳ್ಳೆಯ ಬಣ್ಣ, ಮುಟ್ಟಿದರೆ ರಕ್ತ. ಅದರ ಬುಡಕ್ಕೆ ಸಣ್ಣ ನಾಳವೊಂದು ಬಳಸಿಕೊಂಡು ಬಂದು ಸೇರಿತ್ತು. ಮುಳ್ಳಿನ ಗಾಯವಾಗಿದ್ದರೆ ವಾರದಲ್ಲಿ ಇಳಿಯಬೇಕಿತ್ತು. ಇದು ಬೆಳೆಯುತ್ತಲೇ ಇತ್ತು. ಮೂರನೆಯ ರೆಪ್ಪೆಯ ಅಂಚನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ಕತ್ತರಿಸಿ ತೆಗೆದ ಮೇಲೆ ನಾಯಿ ಮಂದೆಗೆ ಮರಳಿತು. ಈ ಜಾತಿಯ ಗಂಟುಗಳಲ್ಲಿ ಒಳ್ಳೆಯದೂ ಉಂಟು, ಕ್ಯಾನ್ಸರ್ ಸ್ವರೂಪದ್ದೂ ಉಂಟು, ಬರಿಗಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೂ ಕಣ್ಣಿನ ಹೊರಮೈಯಲ್ಲಿ ಬಂದಾಗ, ಸಣ್ಣದಿರುವಾಗಲೇ ಪೂರ್ತಿ ತೆಗೆದರೆ, ಎರಡರಲ್ಲೂ ಗುಣವಾಗುವ ಸಾಧ್ಯತೆಯೇ ಹೆಚ್ಚು. ಗುಲ್ಮದಲ್ಲಿ, ಅಂದರೆ ಹೊಟ್ಟೆಯೊಳಗಿನ ಸ್ಪ್ಲೀನ್‌ನಲ್ಲಿ, ಅದೇ ಜಾತಿಯ ಕ್ಯಾನ್ಸರ್ ಬಂದರೆ ನಾಯಿ ಉಳಿಯುವುದು ಕಷ್ಟ, ಕಣ್ಣಿನ ಮೇಲೆ ಬಂದರೆ ಉಳಿಸಬಹುದು. ಹೆಸರು ಕೇಳಿ ಹೆದರುವುದಕ್ಕಿಂತ ಜಾಗ ಮತ್ತು ಗಾತ್ರ ನೋಡಿ ತೀರ್ಮಾನಿಸಬೇಕು ಎನ್ನುವುದು ಇದಕ್ಕಾಗಿಯೇ.

ಕಪ್ಪು ಗಂಟುಗಳ ವಿಷಯದಲ್ಲೂ ಜಾಗವೇ ನಿರ್ಣಾಯಕ. ಕಣ್ಣಿನ ಬಿಳಿಭಾಗ ಮತ್ತು ಕಾರ್ನಿಯಾ ಕೂಡುವ ಗಡಿಯಲ್ಲಿ, ಹೆಚ್ಚಾಗಿ ಮೇಲಿನ ಭಾಗದಲ್ಲಿ, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳಲ್ಲಿ ಕಾಣುವ ನುಣುಪಾದ ಕಪ್ಪು ಉಬ್ಬು ಬಹುತೇಕ ಹರಡದ ಜಾತಿಯದು. ವಯಸ್ಸಾದ ನಾಯಿಯಲ್ಲಿ ಅದು ವರ್ಷಗಟ್ಟಲೆ ಬೆಳೆಯದೆಯೂ ಇರಬಹುದು, ಆಗ ಅಳತೆ ಬರೆದಿಟ್ಟುಕೊಂಡು ಕಾಯಬಹುದು. ಎರಡು ಮೂರು ವರ್ಷದ ಎಳೆಯ ನಾಯಿಯಲ್ಲಿ ಬೇಗ ಬೆಳೆದು ಕಾರ್ನಿಯಾದ ಒಳಕ್ಕೆ ನುಗ್ಗುವುದರಿಂದ ಕಾಯಬಾರದು. ಅದೇ ಕಪ್ಪು ಗಂಟು ರೆಪ್ಪೆಯ ಒಳಗಿನ ತೆಳುಪೊರೆಯಲ್ಲೋ ಮೂರನೆಯ ರೆಪ್ಪೆಯಲ್ಲೋ ಹುಟ್ಟಿದ್ದರೆ ಹೆಚ್ಚಾಗಿ ಅದು ಕೆಟ್ಟ ಜಾತಿಯದು, ತೆಗೆದರೂ ಮರಳಿ ಬರುತ್ತದೆ, ಹರಡಲೂಬಹುದು. ಇನ್ನೊಂದು ಸಾಧ್ಯತೆಯೆಂದರೆ ಗಂಟು ಕಣ್ಣಿನೊಳಗೇ ಹುಟ್ಟಿ ಗೋಡೆ ಕೊರೆದು ಹೊರಗೆ ತಲೆಹಾಕಿರುವುದು. ಅದನ್ನು ತಿಳಿಯಲು ಕಣ್ಣಿನ ಒತ್ತಡ ಅಳೆಯಬೇಕು, ಅಲ್ಟ್ರಾಸೌಂಡ್ ಮಾಡಬೇಕು. ಹೊರಗಿನದನ್ನು ಮಾತ್ರ ಕೆತ್ತಿ ತೆಗೆದು ಮನೆಗೆ ಕಳಿಸಿದರೆ ಒಳಗಿನದು ಉಳಿದೇ ಇರುತ್ತದೆ.

ಮೂರನೆಯ ರೆಪ್ಪೆಯಲ್ಲಿ ಇನ್ನೊಂದು ಗೊಂದಲವಿದೆ, ಅದನ್ನು ನಾಯಿ ಸಾಕುವವರು ತಿಳಿದಿರಲೇಬೇಕು. ಅದರ ಬುಡದಲ್ಲಿ ಕಣ್ಣೀರು ಸುರಿಸುವ ಗ್ರಂಥಿಯೊಂದಿದೆ. ನಾಯಿಯ ಕಣ್ಣೀರಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ಎಳೆಯ ನಾಯಿಗಳಲ್ಲಿ, ಸಾಮಾನ್ಯವಾಗಿ ಎರಡು ವರ್ಷದೊಳಗೆ, ಆ ಗ್ರಂಥಿ ಜಾರಿ ಹೊರಬಂದು ಕಣ್ಣಿನ ಮೂಲೆಯಲ್ಲಿ ಕೆಂಪು ಹಣ್ಣಿನಂತೆ ಕಾಣಿಸುತ್ತದೆ. ಇದನ್ನು ಚೆರ್ರಿ ಐ ಎನ್ನುತ್ತಾರೆ. ಇದು ಗಡ್ಡೆಯಲ್ಲ. ಇದನ್ನು ಕತ್ತರಿಸಿ ಎಸೆದರೆ ಮುಂದೆ ಕಣ್ಣು ಒಣಗಿ, ಜೀವನಪರ್ಯಂತ ಹನಿ ಹಾಕಬೇಕಾದ ಸ್ಥಿತಿ ಬರಬಹುದು. ಆದ್ದರಿಂದ ಗ್ರಂಥಿಯನ್ನು ಒಳಗೆ ಸೇರಿಸಿ ಹೊಲಿಯುವುದೇ ಸರಿಯಾದ ಕ್ರಮ. ಹತ್ತು ವರ್ಷ ದಾಟಿದ ನಾಯಿಯಲ್ಲಿ ಅದೇ ಜಾಗದಲ್ಲಿ, ಅದೇ ರೀತಿಯ ಕೆಂಪು ಉಬ್ಬು ಹೊಸದಾಗಿ ಬಂದರೆ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಮುದಿ ನಾಯಿಗೆ ಚೆರ್ರಿ ಐ ಹೊಸದಾಗಿ ಬರುವುದು ಅಪರೂಪ. ಅಲ್ಲಿ ಗ್ರಂಥಿಯ ಕ್ಯಾನ್ಸರನ್ನೇ ಮೊದಲು ಶಂಕಿಸಬೇಕು, ಖಚಿತವಾದರೆ ಮೂರನೆಯ ರೆಪ್ಪೆಯನ್ನು ಬುಡಸಮೇತ ತೆಗೆಯಬೇಕು. ಒಳಸೇರಿಸಿ ಹೊಲಿದರೆ ಕ್ಯಾನ್ಸರನ್ನೇ ಒಳಗೆ ಹುಗಿದಂತಾಗುತ್ತದೆ. ಕಾಣುವುದಕ್ಕೆ ಒಂದೇ ಆಗಿರುವ ಎರಡು ಉಬ್ಬುಗಳಿಗೆ ಒಂದಕ್ಕೊಂದು ವಿರುದ್ಧವಾದ ಚಿಕಿತ್ಸೆಗಳಿರುವಾಗ, ಫೋಟೊ ನೋಡಿ ಫೋನಿನಲ್ಲೇ ಸಲಹೆ ಕೊಡುವ ಪದ್ಧತಿ ಎಷ್ಟು ಅಪಾಯದ್ದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಗ್ ತಳಿಯ ನಾಯಿಗಳು ತುಮಕೂರು ನಗರದಲ್ಲಿ ಈಗ ಬೀದಿಗೊಂದರಂತಿವೆ. ಮುಖ ಚಪ್ಪಟೆಯಾಗಿ ಕಣ್ಣು ಹೊರಚಾಚಿರುವುದರಿಂದ ಇವುಗಳ ಕಾರ್ನಿಯಾ ಸದಾ ಒಣಗಿ ಕೆರಳಿರುತ್ತದೆ, ಕಪ್ಪು ಕಲೆ ಕಟ್ಟಿರುತ್ತದೆ. ಹೀಗೆ ವರ್ಷಗಟ್ಟಲೆ ಕೆರಳಿದ ಕಾರ್ನಿಯಾದ ಮೇಲೆಯೇ ನಸುಗೆಂಪು ಬಣ್ಣದ, ಒರಟು ಮೈಯ ಕ್ಯಾನ್ಸರ್ ಗಂಟು ಹುಟ್ಟುವುದುಂಟು. ಅಪರೂಪದ್ದು ನಿಜ, ಆದರೆ ಹಳೆಯ ಕಣ್ಣುರೋಗವಿರುವ ಪಗ್‌ಗಳನ್ನು ನಿಯಮಿತವಾಗಿ ತೋರಿಸುತ್ತಿರಬೇಕು. ಮೇಲ್ಪದರದಲ್ಲಷ್ಟೇ ಇದ್ದಾಗ ಆ ಪದರವನ್ನು ಹೆರೆದು ತೆಗೆದು ಕಣ್ಣು ಉಳಿಸಬಹುದು.

ಇನ್ನು ನಮ್ಮ ಜಿಲ್ಲೆಯ ಬೀದಿನಾಯಿಗಳಿಗೂ ತೋಟದ ಮನೆಯ ನಾಯಿಗಳಿಗೂ ಎಲ್ಲಕ್ಕಿಂತ ಹೆಚ್ಚು ಸಂಬಂಧಿಸಿದ ಗಂಟಿನ ವಿಷಯ. ನಾಯಿಗಳ ಸಂಭೋಗದಿಂದ ಹರಡುವ ಗಡ್ಡೆಯೊಂದಿದೆ. ವೈದ್ಯರು ಟಿವಿಟಿ ಎನ್ನುತ್ತಾರೆ. ಇದು ವೈದ್ಯವಿಜ್ಞಾನದ ವಿಸ್ಮಯಗಳಲ್ಲಿ ಒಂದು. ಇದನ್ನು ಹರಡುವುದು ವೈರಾಣುವಲ್ಲ, ಬ್ಯಾಕ್ಟೀರಿಯಾವಲ್ಲ; ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳೇ ನಾಯಿಯಿಂದ ನಾಯಿಗೆ ದಾಟುತ್ತಾ ಇಂದಿನವರೆಗೂ ಬದುಕಿ ಬಂದಿವೆ. 1876ರಲ್ಲಿ ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ ಈ ಗಡ್ಡೆಯ ತುಣುಕನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿ ಮಾಡಿ ಬೆಳೆಸಿ ತೋರಿಸಿದರು. ಜನನಾಂಗದ ಮೇಲೆ ಬರುವುದೇ ಹೆಚ್ಚಾದರೂ, ನಾಯಿಗಳು ಒಂದನ್ನೊಂದು ಮೂಸುವ, ನೆಕ್ಕುವ ಅಭ್ಯಾಸದಿಂದ ಅದೇ ಕೋಶಗಳು ಮೂಗಿಗೆ, ಬಾಯಿಗೆ, ಕಣ್ಣಿಗೆ ಅಂಟಿಕೊಳ್ಳುತ್ತವೆ. ಕಣ್ಣಿನಲ್ಲಿ ಅದು ರೆಪ್ಪೆಯ ಒಳಪೊರೆಯಿಂದ ಕೆಂಪಗೆ, ಮೆತ್ತಗೆ, ಹಿಡಿದರೆ ಪುಡಿಯಾಗುವಂತೆ ಬೆಳೆದು, ವಾರಗಳಲ್ಲಿ ಕಣ್ಣನ್ನೇ ಮುಚ್ಚಿಬಿಡುತ್ತದೆ. ನೋಡುವುದಕ್ಕೆ ಇದರಷ್ಟು ಭೀಕರವಾದ ಗಂಟು ಇನ್ನೊಂದಿಲ್ಲ. ಗುಣಪಡಿಸುವುದಕ್ಕೆ ಇದರಷ್ಟು ಸುಲಭವಾದ ಕ್ಯಾನ್ಸರೂ ಇನ್ನೊಂದಿಲ್ಲ.

ತಿಪಟೂರಿನ ಬಳಿಯ ತೆಂಗಿನ ತೋಟವೊಂದರ ಕಾವಲು ನಾಯಿಗೆ ಹೀಗೆಯೇ ಆಗಿತ್ತು. ಎಡಗಣ್ಣು ಕಾಣುತ್ತಲೇ ಇರಲಿಲ್ಲ, ಅದೇ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರು, ಅವರಿಗೆ ಅಂಟುತ್ತದೆಂಬ ಭಯದಿಂದ ದೂರ ಬಿಟ್ಟುಬರಲು ಹಿರಿಯರು ತೀರ್ಮಾನಿಸಿದ್ದರು. ಸೂಜಿಯಿಂದ ಕೋಶಗಳನ್ನು ಹೀರಿ, ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡನೆಯ ಕೋಶಗಳು, ಅವುಗಳೊಳಗೆ ಸಾಲಾಗಿ ಸಣ್ಣ ಗುಳ್ಳೆಗಳು. ಟಿವಿಟಿಯ ಗುರುತು ಅದೇ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್ ಕೊಡಲಾಯಿತು. ಮೂರನೆಯ ಇಂಜೆಕ್ಷನ್ನಿಗೆ ಬರುವ ಹೊತ್ತಿಗೆ ಕಣ್ಣುಗುಡ್ಡೆ ಕಾಣುತ್ತಿತ್ತು, ಚಿಕಿತ್ಸೆ ಮುಗಿದಾಗ ರೆಪ್ಪೆಯ ಮೇಲೊಂದು ಗೆರೆಯ ಹೊರತು ಏನೂ ಉಳಿದಿರಲಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸಾಕಾಗುತ್ತದೆ, ಕೆಲವಕ್ಕೆ ಇನ್ನೂ ಒಂದೆರಡು ಬೇಕಾಗಬಹುದು. ಗಂಟು ಕಾಣದಾಯಿತೆಂದು ಮಧ್ಯದಲ್ಲೇ ನಿಲ್ಲಿಸಬಾರದು. ಈ ಔಷಧವನ್ನು ಕಟ್ಟುನಿಟ್ಟಾಗಿ ರಕ್ತನಾಳದೊಳಗೇ ಕೊಡಬೇಕು. ಒಂದು ಹನಿ ಹೊರಗೆ ಸೋರಿದರೂ ಆ ಜಾಗದ ಮಾಂಸ ಕೊಳೆತುಹೋಗುತ್ತದೆ. ಬಿಳಿರಕ್ತಕಣಗಳು ಕುಸಿಯುವುದರಿಂದ ಪ್ರತಿ ಸಲವೂ ಮೊದಲು ರಕ್ತಪರೀಕ್ಷೆ ಆಗಬೇಕು. ಕೊಡುವವರು ಕೈಗವಸು ಹಾಕಿರಬೇಕು. ಗಬ್ಬದ ನಾಯಿಗೆ ಕೊಡಬಾರದು. ಆದ್ದರಿಂದ ಇದು ವೈದ್ಯರೇ ಮಾಡಬೇಕಾದ ಕೆಲಸ, ಔಷಧ ತಂದುಕೊಟ್ಟು ಯಾರಿಂದಲೋ ಚುಚ್ಚಿಸುವಂಥದ್ದಲ್ಲ. ಈ ಗಡ್ಡೆ ಮನುಷ್ಯರಿಗೆ ಅಂಟುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಆ ಭಯದಿಂದಲೇ ಎಷ್ಟೋ ನಾಯಿಗಳು ಹೆದ್ದಾರಿ ಬದಿ ಸೇರಿವೆ.

ಮನೆಮದ್ದಿನ ಬಗ್ಗೆ ಕಠಿಣವಾಗಿಯೇ ಬರೆಯಬೇಕಾಗಿದೆ. ಮನುಷ್ಯರ ನರೂಲಿಗೆ ಎಕ್ಕದ ಹಾಲು ಹಚ್ಚುವ, ಸುಣ್ಣ ಸವರುವ ರೂಢಿ ಹಳ್ಳಿಗಳಲ್ಲಿದೆ. ಅದನ್ನೇ ನಾಯಿಯ ರೆಪ್ಪೆಯ ಗಂಟಿಗೆ ಮಾಡುತ್ತಾರೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಾರ್ನಿಯಾ ಊದಿಕೊಂಡು ಮಂಜಾಗುತ್ತದೆ, ಆರಂಭದಲ್ಲಿ ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಏನೂ ಆಗಿಲ್ಲವೆಂದು ಮೋಸಹೋಗುತ್ತೇವೆ. ಸುಣ್ಣ ಅದಕ್ಕಿಂತಲೂ ಕ್ರೂರ. ಅದು ಕಣ್ಣಿನ ಪದರಗಳನ್ನು ಸುಡುತ್ತಾ ಒಳಗೆ ಇಳಿಯುತ್ತದೆ. ಹಾಗೆ ಆಗಿದ್ದರೆ ಮೊದಲು ಧಾರಾಳವಾಗಿ ಶುದ್ಧ ನೀರು ಸುರಿದು ಬಹಳ ಹೊತ್ತು ತೊಳೆದು, ಆಮೇಲೆ ಆಸ್ಪತ್ರೆಗೆ ಓಡಬೇಕು. ಗಂಟಿನ ಬುಡಕ್ಕೆ ದಾರ ಬಿಗಿಯುವುದೂ ಬೇಡ, ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಪರೀಕ್ಷೆಗೆ ಕಳಿಸಬೇಕಾದ ತುಣುಕು ಒಣಗಿ ಉದುರಿಹೋಗುತ್ತದೆ. ಮೆಡಿಕಲ್ ಸ್ಟೋರಿನ ಹನಿಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ಹಾಕಿದ ಎರಡು ದಿನ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ. ಕಾರ್ನಿಯಾದ ಮೇಲೆ ಗಂಟು ಉಜ್ಜಿ ಆಗಲೇ ಹುಣ್ಣಾಗಿದ್ದರೆ, ಸ್ಟೀರಾಯ್ಡ್ ಬಿದ್ದ ಆ ಹುಣ್ಣು ಆಳಕ್ಕಿಳಿದು ಕಣ್ಣು ಒಡೆದುಹೋಗಬಹುದು. ಹುಣ್ಣಿದೆಯೋ ಇಲ್ಲವೋ ಎಂದು ತಿಳಿಯಲು ಹಸಿರಾಗಿ ಹೊಳೆಯುವ ಬಣ್ಣದ ಕಾಗದದ ಪಟ್ಟಿ ಮುಟ್ಟಿಸಿ ನೋಡುವ ಪರೀಕ್ಷೆಯಿದೆ, ಒಂದು ನಿಮಿಷದ ಕೆಲಸ. ಅದನ್ನು ಮಾಡದೆ ಸ್ಟೀರಾಯ್ಡ್ ಹನಿ ಬರೆಯುವುದನ್ನು ನಮ್ಮ ವೃತ್ತಿಬಾಂಧವರೂ ಬಿಡಬೇಕು.

ಆಸ್ಪತ್ರೆಗೆ ಕರೆದೊಯ್ದ ಮೇಲೆ ಏನೇನು ಆಗಬೇಕೆಂಬುದನ್ನು ಸಾಕಿದವರೂ ತಿಳಿದಿದ್ದರೆ ಕೇಳಿ ಮಾಡಿಸಿಕೊಳ್ಳಬಹುದು. ಗಂಟು ಯಾವಾಗ ಬಂತು, ಎಷ್ಟು ಬೇಗ ಬೆಳೆಯಿತು ಎಂಬ ವಿವರಕ್ಕೆ ಬಹಳ ಬೆಲೆಯಿದೆ. ಮೊಬೈಲಿನಲ್ಲಿ ಪಕ್ಕಕ್ಕೊಂದು ಸ್ಕೇಲು ಹಿಡಿದು ತೆಗೆದ ಫೋಟೊಗಳು ತಿಂಗಳಿಗೊಂದರಂತೆ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಕಣ್ಣುಗಳ ಪರೀಕ್ಷೆ, ಕಣ್ಣೀರಿನ ಪ್ರಮಾಣ ಅಳೆಯುವ ಪಟ್ಟಿ (ಅದು ಒಂದು ನಿಮಿಷಕ್ಕೆ 15 ಮಿಲಿಮೀಟರಾದರೂ ಒದ್ದೆಯಾಗಬೇಕು), ದವಡೆಯ ಕೆಳಗಿನ ದುಗ್ಧಗ್ರಂಥಿ (ಲಿಂಫ್ ಗ್ರಂಥಿ) ಊದಿದೆಯೇ ಎಂದು ಕೈಯಾಡಿಸಿ ನೋಡುವುದು, ಇವಿಷ್ಟಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ಗಂಟಿನಂತೆ ಕಾಣುವುದೆಲ್ಲ ಗಡ್ಡೆಯೂ ಅಲ್ಲ. ಉರಿಯೂತದಿಂದ ಬಿಳಿಗುಡ್ಡೆ ಉಬ್ಬಿರಬಹುದು, ಹುಟ್ಟಿನಿಂದಲೇ ಕಣ್ಣಿನ ಮೇಲೆ ಕೂದಲುಳ್ಳ ಚರ್ಮದ ತುಂಡು ಬೆಳೆದಿರಬಹುದು, ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಕಾರ್ನಿಯಾದ ಮೇಲೆ ಹಬ್ಬುವ ಕೆಂಪು ಪೊರೆಯೂ ಗಡ್ಡೆಯೆಂದು ಮೋಸಗೊಳಿಸುತ್ತದೆ. ಇವುಗಳಲ್ಲಿ ಕೆಲವು ಹನಿ ಔಷಧದಲ್ಲೇ ಹತೋಟಿಗೆ ಬರುವಂಥವು. ಗಡ್ಡೆಯೆಂದು ಭಾವಿಸಿ ಕಣ್ಣನ್ನೇ ತೆಗೆದರೆ ಅದು ಅನ್ಯಾಯ.

ಇವುಗಳನ್ನೆಲ್ಲ ಬೇರ್ಪಡಿಸಿ ಹೇಳುವುದು ಕೋಶಪರೀಕ್ಷೆ ಮತ್ತು ಅಂಗಾಂಶಪರೀಕ್ಷೆ. ಉಣ್ಣೆಜ್ವರ ಬಂದ ಹಸು, ನಾಯಿಗಳ ರಕ್ತಲೇಪ ಪರೀಕ್ಷಿಸಲು ನಮ್ಮ ಪ್ರಯೋಗಾಲಯಗಳಲ್ಲಿ ಜೀಮ್ಸಾ ಬಣ್ಣ ಬಳಸುತ್ತಾರೆ. ಟಿವಿಟಿಯ ಕೋಶಗಳನ್ನು ಗುರುತಿಸುವುದಕ್ಕೂ ಅದೇ ಬಣ್ಣ, ಅದೇ ಸೂಕ್ಷ್ಮದರ್ಶಕ ಸಾಕು. ಕೊರತೆಯಿರುವುದು ಆ ಕೋಶಗಳನ್ನು ನೋಡಿ ಗುರುತಿಸುವ ಅಭ್ಯಾಸದ್ದು. ಕತ್ತರಿಸಿ ತೆಗೆದ ಗಂಟನ್ನು ಕಸದ ಬುಟ್ಟಿಗೆ ಹಾಕುವ ಪದ್ಧತಿಯಂತೂ ನಿಲ್ಲಲೇಬೇಕು. ಶೇಕಡ 10ರ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತರಷ್ಟು ದ್ರಾವಣವಿರುವಂತೆ, ಬಾಯಿ ಬಿಗಿದ ಡಬ್ಬಿಯಲ್ಲಿ ಹಾಕಿ, ಯಾವ ಕಣ್ಣು, ಯಾವ ಜಾಗ, ನಾಯಿಯ ವಯಸ್ಸೆಷ್ಟು ಎಂದು ಬರೆದು ಕಳಿಸಬೇಕು. ಕಣ್ಣಿನ ತೆಳುಪೊರೆಯ ತುಣುಕು ದ್ರಾವಣದಲ್ಲಿ ಸುರುಳಿ ಸುತ್ತಿಕೊಳ್ಳುವುದರಿಂದ ಅದನ್ನು ಮೊದಲು ಒಂದು ರಟ್ಟಿನ ಚೂರಿನ ಮೇಲೆ ಹರಡಿ ಅಂಟಿಸಿ ಆಮೇಲೆ ಮುಳುಗಿಸಬೇಕು. ಹಾಗೆ ಮಾಡಿದರೆ ಮಾತ್ರ ಅಂಚಿನವರೆಗೂ ಗಡ್ಡೆ ಇತ್ತೇ, ಪೂರ್ತಿ ಬಂದಿದೆಯೇ ಎಂದು ಪ್ರಯೋಗಾಲಯದವರು ಹೇಳಲು ಸಾಧ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ತಿಪಟೂರಿನವರಿಗೆ ಹಾಸನದ ಕಾಲೇಜು ಹತ್ತಿರ. ಕ್ಯಾನ್ಸರ್ ಎಂದು ವರದಿ ಬಂದರೆ ಎದೆಯ ಎಕ್ಸ್‌ರೇ, ದುಗ್ಧಗ್ರಂಥಿಯ ಪರೀಕ್ಷೆ ಮುಂದಿನ ಹೆಜ್ಜೆ. ಕಣ್ಣು ತೆಗೆಯದೆ ಬೇರೆ ದಾರಿಯೇ ಇಲ್ಲವೆಂದು ತಜ್ಞರು ಖಚಿತವಾಗಿ ಹೇಳಿದಾಗ ಮಾತ್ರ ಸಾಕಿದವರು ಹಿಂಜರಿಯಬಾರದು. ನೋವಿನ ಕಣ್ಣು ಹೋದ ನಾಯಿ ಕೆಲವೇ ದಿನಗಳಲ್ಲಿ ಚುರುಕಾಗುತ್ತದೆ, ಒಂದೇ ಕಣ್ಣಿನಲ್ಲಿ ಮನೆ ಕಾಯುತ್ತದೆ, ಕುರಿಯನ್ನೂ ತಿರುಗಿಸುತ್ತದೆ.

ಜಿಲ್ಲೆಯಲ್ಲೇ ಇರುವ ಇನ್ನೊಂದು ಅನುಕೂಲದ ಬಗ್ಗೆ ಇಲಾಖೆಯ ಅಧಿಕಾರಿಗಳು ಯೋಚಿಸಬೇಕೆಂದು ಕೋರುತ್ತೇನೆ. ಕಣ್ಣಿನ ಸುತ್ತಲಿನ ಅನೇಕ ಗಂಟುಗಳಿಗೆ ಹೆಪ್ಪುಗಟ್ಟಿಸಿ ಕೊಲ್ಲುವ ಚಿಕಿತ್ಸೆಯಿದೆ. ಗಂಟಿನ ಬಹುಭಾಗವನ್ನು ಕತ್ತರಿಸಿ, ಉಳಿದ ಬುಡವನ್ನು ದ್ರವ ಸಾರಜನಕದಿಂದ ಬೇಗನೆ ಹೆಪ್ಪುಗಟ್ಟಿಸಿ, ತಾನಾಗಿ ನಿಧಾನವಾಗಿ ಕರಗಲು ಬಿಟ್ಟು, ಇನ್ನೊಮ್ಮೆ ಹಾಗೆಯೇ ಮಾಡುತ್ತಾರೆ. ಕಣ್ಣುಗುಡ್ಡೆಗೆ ತಾಗದಂತೆ ನಡುವೆ ಥರ್ಮೋಕೋಲಿನ ಚೂರು ಇಟ್ಟು ಜೆಲ್ ಹಚ್ಚಿದರಾಯಿತು. ನಾಲ್ಕೈದು ದಿನ ರೆಪ್ಪೆ ಊದಿಕೊಂಡು ನೋಡಲು ಗಾಬರಿಯಾಗುತ್ತದೆ, ಆ ಜಾಗದ ಚರ್ಮ ಬಿಳಿಚಿಕೊಳ್ಳುತ್ತದೆ, ಅದು ಸಹಜ. ಈ ದ್ರವ ಸಾರಜನಕ ಮೈನಸ್ 196 ಡಿಗ್ರಿಯಲ್ಲಿರುವಂಥದ್ದು, ದುಬಾರಿ ಆಸ್ಪತ್ರೆಗಳಲ್ಲಿ ಮಾತ್ರ ಸಿಗುವುದೆಂದು ಜನ ಭಾವಿಸಿದ್ದಾರೆ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ನಳಿಕೆಗಳನ್ನು ಇಡುವ ನೈಟ್ರೋಜನ್ ಕ್ಯಾನಿನಲ್ಲಿ ತುಂಬಿರುವುದು ಅದೇ! ಹೈನುಗಾರಿಕೆ ಇರುವ ನಮ್ಮ ಹತ್ತೂ ತಾಲ್ಲೂಕುಗಳಿಗೆ ಅದು ತಪ್ಪದೆ ಸರಬರಾಜಾಗುತ್ತಿದೆ. ಸಿಂಪಡಿಸುವ ಸಣ್ಣ ಉಪಕರಣವೊಂದನ್ನು ಕೊಂಡರೆ, ಜಿಲ್ಲಾ ಪಾಲಿಕ್ಲಿನಿಕ್ಕಿನಲ್ಲಿ ಈ ಚಿಕಿತ್ಸೆ ಆರಂಭಿಸುವುದಕ್ಕೆ ಅಡ್ಡಿಯಿರಲಾರದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಲ್ಲಿ ಕಣ್ಣಿನ ಕ್ಯಾನ್ಸರ್ ಬಂದಾಗ ಮೂರನೆಯ ರೆಪ್ಪೆ ತೆಗೆದು ಅನುಭವವಿರುವ ವೈದ್ಯರು ನಮ್ಮಲ್ಲಿದ್ದಾರೆ; ಅವರ ಕೈಗೆ ನಾಯಿಯ ಕಣ್ಣು ಹೊಸದೇನಲ್ಲ, ಸಣ್ಣ ದಾರ, ದೊಡ್ಡದಾಗಿ ತೋರಿಸುವ ಕನ್ನಡಕ ಮತ್ತು ಹೆಬ್ಬಾಳದಲ್ಲಿ ಕೆಲವು ದಿನಗಳ ತರಬೇತಿ ಕೊಟ್ಟರೆ ಸಾಕು.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ತುಮಕೂರಿನ ಪಾಲಿಕ್ಲಿನಿಕ್ಕಿನಲ್ಲಿ ವಾರದಲ್ಲಿ ಒಂದು ದಿನವನ್ನು ಕಣ್ಣು ಮತ್ತು ಗಡ್ಡೆಗಳ ತಪಾಸಣೆಗೆ ಮೀಸಲಿಡಬೇಕು, ಆ ದಿನ ಯಾವುದೆಂದು ಎಲ್ಲ ತಾಲ್ಲೂಕು ಆಸ್ಪತ್ರೆಗಳ ಬಾಗಿಲಲ್ಲಿ ಬರೆಸಬೇಕು. ವಿನ್‌ಕ್ರಿಸ್ಟಿನ್ ಔಷಧವನ್ನು ಜಿಲ್ಲೆಯ ದಾಸ್ತಾನಿನಲ್ಲಿ ಇಡಬೇಕು, ಏಕೆಂದರೆ ಟಿವಿಟಿ ಬಂದ ನಾಯಿಗಳಲ್ಲಿ ಹೆಚ್ಚಿನವು ಯಾರೂ ಖರ್ಚು ಮಾಡದ ಬೀದಿನಾಯಿಗಳು, ಮತ್ತು ಚಿಕಿತ್ಸೆ ಸಿಗದ ಒಂದು ನಾಯಿ ಸುತ್ತಲಿನ ಹತ್ತಾರಕ್ಕೆ ಹರಡುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು. ನಾಯಿ ಅರಿವಳಿಕೆಯಲ್ಲಿ ಮಲಗಿರುವ ಆ ಹೊತ್ತಿನಲ್ಲೇ ಅದರ ಕಣ್ಣು, ಮೂಗು, ಬಾಯಿ, ಜನನಾಂಗಗಳನ್ನು ನೋಡಿ ಬರೆದಿಡುವುದಕ್ಕೆ ಎರಡು ನಿಮಿಷ ಸಾಲುತ್ತದೆ. ಕೂಡುವುದೇ ನಿಂತರೆ ಈ ಗಡ್ಡೆಯ ಹರಡುವಿಕೆಯ ಮುಖ್ಯ ದಾರಿಯೇ ಮುಚ್ಚುವುದರಿಂದ, ಸಂತಾನಹರಣ ಕಾರ್ಯಕ್ರಮ ಚುರುಕಾದಷ್ಟೂ ಇಂಥ ಕಣ್ಣುಗಳು ಕಡಿಮೆಯಾಗುತ್ತವೆ.

ಪಾವಗಡದಂಥ ದೂರದ ತಾಲ್ಲೂಕಿನ ಕುರಿಗಾಹಿ ನಾಯಿಯನ್ನು ಹೊತ್ತುಕೊಂಡು ಜಿಲ್ಲಾ ಕೇಂದ್ರಕ್ಕೆ ಬರಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳಲ್ಲಿ ಒಂದು ಡಬ್ಬಿ ಗಾಜಿನ ಸ್ಲೈಡು, ಸಣ್ಣ ಸೂಜಿ, ಒಣಗಿದ ಲೇಪವನ್ನು ಸ್ಥಿರಗೊಳಿಸುವ ಮೆಥನಾಲ್ ಮತ್ತು ಫಾರ್ಮಲಿನ್ ತುಂಬಿದ ನಾಲ್ಕಾರು ಡಬ್ಬಿ ಇಟ್ಟರೆ, ವೈದ್ಯರು ಅಲ್ಲಿಯೇ ಲೇಪ ತೆಗೆದು, ನಂಬರ್ ಬರೆದು, ಪಾಲಿಕ್ಲಿನಿಕ್ಕಿಗೆ ತಲುಪಿಸಬಹುದು. ಸ್ಲೈಡು ಪ್ರಯಾಣ ಮಾಡಲಿ, ಚಿಕಿತ್ಸೆ ಬೇಕೆಂದು ವರದಿ ಬಂದ ನಾಯಿ ಮಾತ್ರ ಬರಲಿ. ಈ ವ್ಯವಸ್ಥೆಯನ್ನು ಒಂದೆರಡು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಲು ಇಲಾಖೆ ಒಪ್ಪುವುದಾದರೆ, ಕೋಶಲೇಪಗಳನ್ನು ನೋಡಿ ಗುರುತಿಸುವುದನ್ನು ಕಿರಿಯ ವೈದ್ಯರಿಗೆ ಹೇಳಿಕೊಡಲು ಯಾವ ಸಂಭಾವನೆಯೂ ಇಲ್ಲದೆ ಬಂದು ಕೂರಲು ನಾನು ಸಿದ್ಧನಿದ್ದೇನೆ.

ಇತಿ,
ನಿವೃತ್ತ ಪಶುವೈದ್ಯ
ಶಿರಾ, ತುಮಕೂರು ಜಿಲ್ಲೆ